ಕಾರ್ಮಿಕನ ಊಟ ಮತ್ತು ಮುಪ್ಪು

(ಸಂಘದ ತಿಂಗಳ ಸಭೆಯಲ್ಲಿ, ಮಧ್ಯಾಹ್ನದ ಬಿಡುವಿನ ವೇಳೆ ಮಾಡಿದ ಭಾಷಣ)



ಸಂಘದ ಸಭೆಯೆಂದರೆ ಸಂಬಳ, ರಜೆ, ಬೋನಸು, ಪ್ರಾವಿಡೆಂಟ್ ಫಂಡು ಇವುಗಳ ಮಾತು. ಇಂದು ನಾನು ಊಟದ ಮಾತನ್ನು ಎತ್ತಿಕೊಂಡಿದ್ದೇನೆ. ದಿನಕ್ಕೆ ನೂರಾರು ಜನರಿಗೆ ಬಡಿಸುವ ನಮಗೆ ಊಟದ ಪಾಠ ಬೇಕೇ ಎಂದು ಯಾರಾದರೂ ನಗಬಹುದು. ಆದರೆ ಬಡಿಸುವುದು ಬೇರೆ, ಉಣ್ಣುವುದು ಬೇರೆ. ಗಿರಾಕಿಯ ತಟ್ಟೆಯಲ್ಲಿ ಏನೇನಿದೆಯೆಂಬುದು ನಮಗೆ ಬಾಯಿಪಾಠ. ನಮ್ಮ ತಟ್ಟೆಯಲ್ಲಿ ಏನಿದೆಯೆಂದು ನಾವು ನೋಡಿದ್ದು ಕಡಮೆ.

ಕಾರ್ಮಿಕನಿಗೆ ಇರುವ ಬಂಡವಾಳ ಒಂದೇ, ಅದು ಅವನ ಮೈ. ಧಣಿಯ ಯಂತ್ರ ಹಳತಾದರೆ ಹೊಸತು ಬರುತ್ತದೆ. ನಮ್ಮ ಮೈಗೆ ಬದಲಿ ಇಲ್ಲ. ಅದು ಹಳತಾಗುವುದನ್ನು ಯಾರೂ ತಡೆಯಲಾರರು. ಆದರೆ ಮುದಿಪ್ರಾಯದಲ್ಲಿ ನಮ್ಮ ಕಾಲ ಮೇಲೆ ನಾವು ನಿಲ್ಲುತ್ತೇವೆಯೋ, ಮಂಚ ಹಿಡಿಯುತ್ತೇವೆಯೋ ಎಂಬುದರಲ್ಲಿ ಊಟದ ಪಾಲು ದೊಡ್ಡದು. ಆ ಊಟದಲ್ಲಿಯೂ ಒಂದು ಅಂಶವನ್ನೇ ಹಿಡಿದು ಇಂದು ಮಾತನಾಡುತ್ತೇನೆ. ಡಾಕ್ಟರರು ಅದಕ್ಕೆ ಪ್ರೋಟೀನು ಎನ್ನುತ್ತಾರೆ. ನಮ್ಮ ಶಾಲೆಯ ಪುಸ್ತಕದಲ್ಲಿ ಸಸಾರಜನಕ ಎಂದು ಅಚ್ಚಾಗಿತ್ತು.

ನಾನು ವೈದ್ಯನಲ್ಲ. ಏಳನೆಯ ತರಗತಿ ಮುಗಿಸಿ ಹೋಟೆಲು ಸೇರಿದವನು. ಲೋಟ ತೊಳೆದು, ಮೇಜು ಒರಸಿ, ಸಪ್ಲಾಯರನಾಗಿ, ಈಗ ಸಂಘದ ಕೆಲಸ ಮಾಡುತ್ತಿರುವವನು. ಬಲ್ಲವರು ಬರೆದದ್ದನ್ನು ಓದಿ, ಅರ್ಥವಾಗದ್ದನ್ನು ಕೇಳಿ ತಿಳಿದುಕೊಂಡು, ನಮ್ಮ ಮಾತಿನಲ್ಲಿ ತಮ್ಮ ಮುಂದಿಡುತ್ತೇನೆ.

ಸಸಾರಜನಕ ಮಾಡುವ ಕೆಲಸ

ಅನ್ನ, ಸಕ್ಕರೆ, ಎಣ್ಣೆ ಇವು ಮೈಗೆ ಉರುವಲು. ಭಟ್ಟಿಗೆ ಕಟ್ಟಿಗೆ ಹಾಕಿದಂತೆ. ಸಸಾರಜನಕ ಉರುವಲಲ್ಲ, ಅದು ರಿಪೇರಿಯ ಸಾಮಾನು. ಗಿರಣಿಯಲ್ಲಿ ಮಗ್ಗ ಓಡುತ್ತಿರುವಾಗಲೇ ಸವೆದ ಭಾಗಗಳನ್ನು ಬದಲಿಸಲು ಜನರಿದ್ದರಲ್ಲವೆ? ಹಾಗೆಯೇ ಮೈಯಲ್ಲಿ ಹಗಲೂ ರಾತ್ರಿ ಮಾಂಸಖಂಡ, ಚರ್ಮ, ರಕ್ತ ಎಲ್ಲವೂ ಸವೆಯುತ್ತ, ಮತ್ತೆ ಕಟ್ಟಲ್ಪಡುತ್ತ ಇರುತ್ತವೆ. ಕೈ ಸುಟ್ಟ ಗಾಯ ಮಾಯುವುದು, ಜ್ವರದ ವಿರುದ್ಧ ರಕ್ತ ಹೋರಾಡುವುದು, ಎಲುಬು ಗಟ್ಟಿಯಾಗಿ ನಿಲ್ಲುವುದು, ಇವಕ್ಕೆಲ್ಲ ಸಸಾರಜನಕ ಬೇಕು.

ಇದನ್ನು ಕಟ್ಟುವ ಇಟ್ಟಿಗೆಗಳು 20 ಬಗೆ. ಅವಕ್ಕೆ ಅಮೈನೋ ಆಮ್ಲಗಳೆಂದು ಹೆಸರು. ಅವುಗಳಲ್ಲಿ 9 ಬಗೆಯವನ್ನು ಮೈ ತಾನಾಗಿ ತಯಾರಿಸಲಾರದು, ಊಟದಿಂದಲೇ ಬರಬೇಕು. ಅಕ್ಕಿಯಲ್ಲಿ ಲೈಸಿನ್ ಎಂಬ ಇಟ್ಟಿಗೆ ಕಡಮೆ, ಬೇಳೆಯಲ್ಲಿ ಅದು ಧಾರಾಳ. ಬೇಳೆಯಲ್ಲಿ ಮೆಥಿಯೊನಿನ್ ಎಂಬುದು ಕಡಮೆ, ಅಕ್ಕಿಯಲ್ಲಿ ಅದು ಸಾಕಷ್ಟಿದೆ. ಎರಡೂ ಕೂಡಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ನಾವು ದಿನಾ ಬೆಳಿಗ್ಗೆ ಅಟ್ಟದಿಂದ ಇಳಿಸುವ ಇಡ್ಲಿಯಲ್ಲಿ ಅಕ್ಕಿಯೂ ಉದ್ದೂ ಕೂಡಿರುವುದು ಇದೇ ನ್ಯಾಯ. ಇಡ್ಲಿ ಕಂಡುಹಿಡಿದ ಅಜ್ಜಿಯಂದಿರಿಗೆ ಅಮೈನೋ ಆಮ್ಲದ ಹೆಸರು ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು.

ಇಲ್ಲಿ ಒಂದು ಎಚ್ಚರಿಕೆ. ಹೊಟ್ಟೆ ತುಂಬದವನಿಗೆ ಸಸಾರಜನಕದ ಮಾತು ಹೇಳಿ ಫಲವಿಲ್ಲ. ಭಟ್ಟಿಗೆ ಕಟ್ಟಿಗೆ ಸಾಲದಾದಾಗ ಬಾಗಿಲಿನ ಹಲಗೆಯನ್ನೇ ಮುರಿದು ಉರಿಸಿದಂತೆ, ಹಸಿದ ಮೈ ರಿಪೇರಿಯ ಸಾಮಾನನ್ನೇ ಉರುವಲಾಗಿ ಸುಟ್ಟುಬಿಡುತ್ತದೆ. 1950 ಮತ್ತು 1960ರ ದಶಕಗಳಲ್ಲಿ ಬಡದೇಶಗಳ ಕೊರತೆಯೆಲ್ಲ ಸಸಾರಜನಕದ್ದೇ ಎಂದು ಜಗತ್ತು ಗದ್ದಲ ಎಬ್ಬಿಸಿತ್ತು. ಆಗ ಸಾತಾರಾ ಜಿಲ್ಲೆಯಲ್ಲಿ ಹುಟ್ಟಿದ ಡಾ. ಪಾಂಡುರಂಗ ಸುಖಾತ್ಮೆಯವರೂ, ಹೈದರಾಬಾದಿನ ಡಾ. ಸಿ. ಗೋಪಾಲನ್ನರೂ, ಮೊದಲು ಬಡವನ ಒಟ್ಟು ಊಟ ಸಾಕಷ್ಟಾಗಬೇಕು ಎಂದು ಎತ್ತಿ ಹೇಳಿದರು. ಆ ಮಾತು ಇಂದಿಗೂ ಸತ್ಯ. ಮೊದಲು ಹೊಟ್ಟೆ ತುಂಬಬೇಕು. ತುಂಬುವಾಗ ಬರೀ ಅನ್ನದಿಂದ ತುಂಬಬಾರದು. ನಮ್ಮಲ್ಲಿ ಹೆಚ್ಚಿನವರ ತೊಂದರೆ ಈಗ ಈ ಎರಡನೆಯದು.

ಎಷ್ಟು ಬೇಕು?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯೂ 2020ರಲ್ಲಿ ಕೊಟ್ಟ ಲೆಕ್ಕ ಹೀಗಿದೆ: ಬೆಳೆದ ಮನುಷ್ಯನಿಗೆ ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ. 60 ಕಿಲೋ ತೂಗುವವನಿಗೆ ಇದು ಸುಮಾರು 50 ಗ್ರಾಂ. ಗಮನಿಸಿ, ಇದು 50 ಗ್ರಾಂ ಬೇಳೆಯಲ್ಲ, ಬೇಳೆಯೊಳಗಿನ ಸಸಾರಜನಕ.

ನಮಗೆ ಗೊತ್ತಿರುವ ಸಾಮಾನಿನಲ್ಲಿಯೇ ಲೆಕ್ಕ ಹಾಕೋಣ. 100 ಗ್ರಾಂ ಅಕ್ಕಿಯಲ್ಲಿ 7ರಿಂದ 8 ಗ್ರಾಂ ಸಸಾರಜನಕ. ಉತ್ತರ ಕರ್ನಾಟಕದ ಸೋದರರು ರೊಟ್ಟಿ ಬಡಿಯುವ ಜೋಳದಲ್ಲಿ ಸುಮಾರು 10. ತೊಗರಿ, ಕಡಲೆ, ಹುರುಳಿಗಳಲ್ಲಿ 20ರಿಂದ 22. ಉದ್ದು, ಹೆಸರುಬೇಳೆಗಳಲ್ಲಿ 23–24. ನೆಲಗಡಲೆಯಲ್ಲಿ ಹೆಚ್ಚುಕಡಮೆ 24. ಬಂಗುಡೆ, ಬೂತಾಯಿ ಮೀನಿನ 100 ಗ್ರಾಂ ಮಾಂಸದಲ್ಲಿ 20ರ ಸುಮಾರು. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಲೋಟ ಅಂದರೆ 200 ಮಿಲಿ ಹಾಲಿನಲ್ಲಿಯೂ 6 ಗ್ರಾಂ.

ದಿನಕ್ಕೆ 400 ಗ್ರಾಂ ಅಕ್ಕಿಯ ಅನ್ನ ಉಣ್ಣುವ ನಮ್ಮ ಹುಡುಗನಿಗೆ ಅನ್ನದಿಂದಲೇ 30 ಗ್ರಾಂ ಬಂತು. ಉಳಿದ 20 ಗ್ರಾಂ ಎಲ್ಲಿಂದ? 60 ಗ್ರಾಂ ತೊಗರಿಬೇಳೆಯಿಂದ 13, ಒಂದು ಲೋಟ ಹಾಲು ಅಥವಾ ಮೊಸರಿನಿಂದ 6. ಲೆಕ್ಕ ತುಂಬಿತು. ದೊಡ್ಡ ಗುಡ್ಡವೇನೂ ಅಲ್ಲ. ಆದರೆ ಸೌಟಿನಲ್ಲಿ ಬರೀ ತಿಳಿ ಬಂದರೆ, ಮೊಸರಿನ ಬದಲು ನೀರುಮಜ್ಜಿಗೆ ಬಂದರೆ, ಆ 20 ಗ್ರಾಂ ಪ್ರತಿದಿನವೂ ಬಾಕಿ ಉಳಿಯುತ್ತದೆ. ಪ್ರಾಯವಿರುವಾಗ ಅದು ಗೊತ್ತಾಗುವುದಿಲ್ಲ.

ಪ್ರಾಯ ಹೋದ ಮೇಲೆ

ಮೂವತ್ತು ದಾಟಿದ ಮೇಲೆ ಮಾಂಸಖಂಡ ಸ್ವಲ್ಪಸ್ವಲ್ಪವಾಗಿ ಕರಗತೊಡಗುತ್ತದೆ. ಅರುವತ್ತರ ನಂತರ ಕರಗುವ ವೇಗ ಹೆಚ್ಚುತ್ತದೆ. ಅಮೆರಿಕೆಯ ಇರ್ವಿನ್ ರೋಸೆನ್‌ಬರ್ಗ್ ಎಂಬ ವಿಜ್ಞಾನಿ 1980ರ ದಶಕದ ಕೊನೆಯಲ್ಲಿ ಇದಕ್ಕೆ ಸಾರ್ಕೊಪೀನಿಯ ಎಂದು ಹೆಸರಿಟ್ಟರು. ಮಾಂಸ ನಷ್ಟವಾಗುವುದು ಎಂದು ಅದರ ಅರ್ಥ. ಕಾಲಿನ ಶಕ್ತಿ ಕುಂದಿದವನು ಬೀಳುತ್ತಾನೆ, ಬಿದ್ದವನ ಎಲುಬು ಮುರಿಯುತ್ತದೆ, ಎಲುಬು ಮುರಿದವನು ಮಲಗುತ್ತಾನೆ, ಮಲಗಿದವನ ಮಾಂಸಖಂಡ ಮತ್ತೂ ಬೇಗ ಕರಗುತ್ತದೆ. ಈ ಸರಪಳಿಯನ್ನು ನಮ್ಮ ಮನೆಗಳಲ್ಲಿ ನಾವೇ ಕಂಡಿದ್ದೇವೆ.

ಇನ್ನೊಂದು ತೊಡಕೂ ಇದೆ. ಪ್ರಾಯದ ಮೈ ಸ್ವಲ್ಪ ಸಸಾರಜನಕ ಸಿಕ್ಕಿದರೂ ಕೂಡಲೇ ರಿಪೇರಿಗೆ ತೊಡಗುತ್ತದೆ. ಮುದಿಮೈ ಹಾಗಲ್ಲ, ಅದೇ ಕೆಲಸಕ್ಕೆ ಹೆಚ್ಚು ಸಾಮಾನು ಬೇಡುತ್ತದೆ. ಆದುದರಿಂದ 2013ರಲ್ಲಿ ಹಲವು ದೇಶಗಳ ತಜ್ಞರು ಕೂಡಿ, 65 ದಾಟಿದವರಿಗೆ ಕಿಲೋ ತೂಕಕ್ಕೆ 1ರಿಂದ 1.2 ಗ್ರಾಂ ಬೇಕೆಂದು ಸಲಹೆ ಕೊಟ್ಟರು. 60 ಕಿಲೋ ತೂಗುವ ಹಿರಿಯರಿಗೆ 60ರಿಂದ 72 ಗ್ರಾಂ ಆಯಿತು. ಕಾಯಿಲೆಯಿಂದ ಏಳುತ್ತಿರುವವರಿಗೆ ಇನ್ನೂ ಹೆಚ್ಚು.

ನಮ್ಮಲ್ಲಿ ನಡೆಯುವುದೇನು? ಇದಕ್ಕೆ ಸರಿಯಾಗಿ ವಿರುದ್ಧ. "ಪ್ರಾಯವಾಯಿತು, ಇನ್ನು ಹಗುರವಾಗಿ ತಿನ್ನಬೇಕು" ಎಂದು ಹಿರಿಯರು ಮೊದಲು ಮೀನು ಬಿಡುತ್ತಾರೆ, ಮೊಟ್ಟೆ ಬಿಡುತ್ತಾರೆ. ವಾಯು ಆಗುತ್ತದೆಂದು ಕಾಳು ಬಿಡುತ್ತಾರೆ. ಹಲ್ಲಿಲ್ಲವೆಂದು ನೆಲಗಡಲೆ ಬಿಡುತ್ತಾರೆ. ಕೊನೆಗೆ ಉಳಿಯುವುದು ಗಂಜಿ, ಉಪ್ಪಿನಕಾಯಿ, ಎರಡು ಸಲ ಚಹಾ, ಅದ್ದಿಕೊಳ್ಳಲು ಬನ್ನು. 150 ಗ್ರಾಂ ಅಕ್ಕಿಯ ಗಂಜಿಯಲ್ಲಿ 12 ಗ್ರಾಂ ಸಸಾರಜನಕ; ಚಹಾದ ಹಾಲು, ಬನ್ನು ಎಲ್ಲ ಸೇರಿಸಿದರೂ 20ಕ್ಕೆ ಮುಟ್ಟುವುದು ಕಷ್ಟ. ಬೇಕಾದದ್ದು 60, ಸಿಕ್ಕಿದ್ದು 20. ಆಮೇಲೆ ಮೆಟ್ಟಿಲು ಹತ್ತಲಾಗದು ಎಂದರೆ ಅದು ಪ್ರಾಯದ ದೋಷ ಮಾತ್ರವಲ್ಲ.

ಈ ಸಭೆಯಲ್ಲಿ ಗಿರಣಿಯ ಹಿರಿಯರಿದ್ದಾರೆ. 1982ರ ಜನವರಿ 18ರಂದು ಮುಂಬಯಿಯ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದಾಗ ಇಪ್ಪತ್ತೈದರ ಪ್ರಾಯದವರಾಗಿದ್ದವರು ಈಗ ಎಪ್ಪತ್ತರ ಸಮೀಪ ಇದ್ದಾರೆ. ಗಿರಣಿಗಳು ಮುಚ್ಚಿದವು, ಪರೇಲಿನ, ಲಾಲ್‌ಬಾಗಿನ ಚಾಳುಗಳ ಮೆಟ್ಟಿಲುಗಳು ಹಾಗೆಯೇ ಉಳಿದಿವೆ. ಮೂರನೆಯ ಮಾಳಿಗೆಯಿಂದ ಇಳಿದು ಹಾಲು ತರಲಾಗದ ದಿನ ಮನುಷ್ಯ ತನ್ನ ಕೋಣೆಯಲ್ಲಿಯೇ ಕೈದಿಯಾಗುತ್ತಾನೆ. ಹಿರಿಯರೇ, ತಮ್ಮಲ್ಲಿ ಕೈಮುಗಿದು ಕೇಳುತ್ತೇನೆ: ಊಟದ ಅಳತೆ ಕಡಮೆಯಾಗಲಿ, ಅನ್ನ ಕಡಮೆಯಾಗಲಿ, ಬೇಳೆ, ಮೊಸರು, ಮೀನು, ಮೊಟ್ಟೆ ಕಡಮೆಯಾಗದಿರಲಿ. 200 ಗ್ರಾಂ ಧಾನ್ಯ, 80 ಗ್ರಾಂ ಬೇಳೆ-ಕಾಳು, 300 ಮಿಲಿ ಹಾಲು-ಮೊಸರು, ಎರಡು ಮೊಟ್ಟೆ, ಒಂದು ಸಣ್ಣ ಹಿಡಿ ನೆಲಗಡಲೆ, ಇಷ್ಟಾದರೆ ಒಂದು ದಿನದ 60 ಗ್ರಾಂ ತುಂಬುತ್ತದೆ. ಮೊಟ್ಟೆ ಮುಟ್ಟದವರು ಅದರ ಬದಲು 50 ಗ್ರಾಂ ಹುರಿಗಡಲೆ ತಿನ್ನಲಿ. ಹಲ್ಲಿಲ್ಲದವರು ಅದನ್ನೇ ಪುಡಿಮಾಡಿ ಮಜ್ಜಿಗೆಯಲ್ಲಿ ಕಲಸಿಕೊಳ್ಳಲಿ. ಒಂದೇ ಹೊತ್ತಿಗೆ ಎಲ್ಲವನ್ನೂ ತಿನ್ನದೆ ಮೂರು ಹೊತ್ತಿಗೂ ಹಂಚುವುದು ಒಳ್ಳೆಯದು.

ಕಾಯಿಲೆಗಳ ವಿಷಯ

ಈಗ ಕಾಯಿಲೆಗಳ ಮಾತು. 2023ರಲ್ಲಿ ಪ್ರಕಟವಾದ ವೈದ್ಯಕೀಯ ಮಂಡಳಿಯ ಸಮೀಕ್ಷೆಯ ಪ್ರಕಾರ ಈ ದೇಶದಲ್ಲಿ ಸಕ್ಕರೆ ಕಾಯಿಲೆಯವರು 10 ಕೋಟಿಗೂ ಹೆಚ್ಚು. ಅದೇ ಸಮೀಕ್ಷೆಯವರು 2025ರಲ್ಲಿ ನಮ್ಮ ಜನರ ಊಟದ ಲೆಕ್ಕವನ್ನು ಹೊರತಂದರು. ನಮಗೆ ಸಿಗುವ ಶಕ್ತಿಯಲ್ಲಿ ನೂರಕ್ಕೆ 62 ಪಾಲು ಅನ್ನ, ಗೋಧಿ, ಸಕ್ಕರೆಯಂಥ ಪಿಷ್ಟದಿಂದಲೇ ಬರುತ್ತದೆ. ಅದರಲ್ಲಿ 5 ಪಾಲನ್ನು ತೆಗೆದು ಆ ಜಾಗದಲ್ಲಿ ಬೇಳೆಕಾಳಿನ ಅಥವಾ ಹಾಲು-ಮೊಸರಿನ ಸಸಾರಜನಕವನ್ನು ಇಟ್ಟರೆ ಸಕ್ಕರೆ ಕಾಯಿಲೆಯ ಅಪಾಯ ಕಡಮೆಯಿರುವುದು ಅವರ ಲೆಕ್ಕದಲ್ಲಿ ಕಂಡುಬಂತು. ಇದಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ. ಊಟದ ನಂತರ ರಕ್ತಕ್ಕೆ ಬರುವ ಸಕ್ಕರೆಯ ದೊಡ್ಡ ಪಾಲನ್ನು ಒಳಗೆ ಎಳೆದುಕೊಳ್ಳುವುದು ಮಾಂಸಖಂಡ. ಅನ್ನ ಹೆಚ್ಚಿ ಮಾಂಸಖಂಡ ಕುಂದಿದರೆ ಆ ಸಕ್ಕರೆ ರಕ್ತದಲ್ಲಿಯೇ ಉಳಿಯುತ್ತದೆ.

ಅಮೆರಿಕೆಯಲ್ಲಿ 1976ರಿಂದ ನರ್ಸುಗಳ ಆರೋಗ್ಯವನ್ನು ವರ್ಷಗಟ್ಟಲೆ ಗಮನಿಸುತ್ತ ಬಂದ ಒಂದು ಅಧ್ಯಯನವಿದೆ. ಅವರೂ ನಮ್ಮಂತೆ ನಿಂತು ದುಡಿಯುವ ಹೆಂಗಸರು. ಅವರಲ್ಲಿ 48,762 ಜನರು 1984ರಲ್ಲಿ, ಅರುವತ್ತರೊಳಗೆ ಇದ್ದಾಗ, ಏನು ತಿನ್ನುತ್ತಿದ್ದರೆಂದು ಬರೆದಿಟ್ಟು, ಮುಪ್ಪಿನಲ್ಲಿ ಅವರ ಸ್ಥಿತಿಯೇನಾಯಿತೆಂದು ನೋಡಿದರು. ದೊಡ್ಡ ಕಾಯಿಲೆಗಳಿಲ್ಲದೆ, ನೆನಪು ಕೆಡದೆ, ಕೈಕಾಲು ಗಟ್ಟಿಯಾಗಿ, ಮನಸ್ಸು ಕುಗ್ಗದೆ ಮುಪ್ಪನ್ನು ಮುಟ್ಟಿದವರು 3,721 ಜನ ಮಾತ್ರ. ನಡುಪ್ರಾಯದಲ್ಲಿ ಕಾಳು, ಧಾನ್ಯ, ಬೀಜ, ತರಕಾರಿಗಳಿಂದ ಹೆಚ್ಚು ಸಸಾರಜನಕ ಪಡೆದವರು ಹಾಗೆ ಗಟ್ಟಿಯಾಗಿ ಉಳಿಯುವ ಸಂಭವ ಹೆಚ್ಚೆಂದು 2024ರಲ್ಲಿ ಪ್ರಕಟವಾಯಿತು. ಎಲ್ಲಕ್ಕಿಂತ ಹೆಚ್ಚಿನ ಲಾಭ ಕಂಡದ್ದು ಈ ಸಸ್ಯದ ಸಸಾರಜನಕದಿಂದಲೇ.

ಮಾಂಸದ ವಿಷಯದಲ್ಲಿ ಎರಡು ಮಾತು ಕೇಳಿಬರುತ್ತದೆ, ಅದನ್ನೂ ಮುಚ್ಚಿಡಬಾರದು. 2014ರಲ್ಲಿ ಅಮೆರಿಕೆಯ 6,381 ಜನರ ದಾಖಲೆ ನೋಡಿದವರಿಗೆ, 50ರಿಂದ 65ರ ಪ್ರಾಯದಲ್ಲಿ ಅತಿ ಹೆಚ್ಚು ಸಸಾರಜನಕ ತಿಂದವರು ಕ್ಯಾನ್ಸರಿನಿಂದ ಸತ್ತದ್ದು ಹೆಚ್ಚು ಎಂದು ಕಂಡಿತು. 65 ದಾಟಿದವರಲ್ಲಿ ಅದು ತಲೆಕೆಳಗಾಗಿ, ಹೆಚ್ಚು ತಿಂದವರಲ್ಲಿಯೇ ಸಾವು ಕಡಮೆ. ಸಸಾರಜನಕ ಬೇಳೆಕಾಳಿನದಾಗಿದ್ದರೆ ನಡುಪ್ರಾಯದವರಿಗೂ ಆ ಅಪಾಯ ಇಳಿದುಹೋಗುತ್ತಿತ್ತು. ಅಲ್ಲಿ ಅತಿ ಹೆಚ್ಚು ಎಂದರೆ ಊಟದ ಶಕ್ತಿಯಲ್ಲಿ ನೂರಕ್ಕೆ 20 ಪಾಲಿಗೂ ಮೇಲೆ. ನಮ್ಮ ತಟ್ಟೆಯಲ್ಲಿ ಅದು 12ರ ಆಸುಪಾಸು. ಆದ್ದರಿಂದ ವಾರಕ್ಕೆರಡು ಸಲ ಬಂಗುಡೆ ಸಾರು ಉಣ್ಣುವವನು ಇದಕ್ಕೆ ಹೆದರಬೇಕಾಗಿಲ್ಲ. 2016ರಲ್ಲಿ 1,31,342 ಜನರನ್ನು ನೋಡಿದ ಇನ್ನೊಂದು ಅಧ್ಯಯನದಲ್ಲಿ ಮಾಂಸದ ಸಸಾರಜನಕದ ಅಪಾಯ ಕಂಡದ್ದು, ಬೀಡಿ-ಸಿಗರೇಟು, ಕುಡಿತ, ಬೊಜ್ಜು, ಮೈಗಳ್ಳತನ ಇವುಗಳಲ್ಲಿ ಒಂದಾದರೂ ಇದ್ದವರಲ್ಲಿ ಮಾತ್ರ. ಇವೆಲ್ಲ ಕಂಡುಬಂದ ಸಂಬಂಧಗಳು. ಇದರಿಂದಲೇ ಅದು ಆಯಿತೆಂದು ಸಾಧಿಸಿದ್ದಲ್ಲ. ಆದರೂ ಎಲ್ಲರ ಬೆರಳೂ ಒಂದೇ ಕಡೆಗೆ ತೋರಿಸುತ್ತದೆ: ನಡುಪ್ರಾಯದಲ್ಲಿ ಬೇಳೆಕಾಳು ಮುಂದಿರಲಿ, ಮುಪ್ಪಿನಲ್ಲಿ ಒಟ್ಟು ಸಸಾರಜನಕ ಏರಲಿ. ಡಬ್ಬಿಯಲ್ಲಿ ಉಪ್ಪು ಹಾಕಿ ಹದಮಾಡಿಟ್ಟ ಮಾಂಸ, ಸಾಸೇಜು ಇವು ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2015ರಲ್ಲಿಯೇ ತೀರ್ಮಾನಿಸಿದೆ. ಅವನ್ನು ದೂರವಿಡುವುದು ಲೇಸು.

ಕೇಳುವ ಪ್ರಶ್ನೆಗಳು

ಕಾಳು ತಿಂದರೆ ವಾಯು ಎನ್ನುವವರಿಗೆ: ರಾತ್ರಿ ನೆನೆಹಾಕಿ, ಆ ನೀರು ಚೆಲ್ಲಿ, ಚೆನ್ನಾಗಿ ಬೇಯಿಸಿ, ಮೊದಲು ಹೆಸರುಬೇಳೆಯಿಂದ ಸುರುಮಾಡಿ, ಸ್ವಲ್ಪಸ್ವಲ್ಪ ಹೆಚ್ಚಿಸಿ. ಹುಳಿ ಬಂದ ಹಿಟ್ಟಿನ ಇಡ್ಲಿ, ದೋಸೆ ಹೊಟ್ಟೆಗೆ ಹಗುರ.

ಮೂತ್ರಪಿಂಡದ ಕಾಯಿಲೆಯವರಿಗೆ: ನಾನು ಹೇಳಿದ ಹೆಚ್ಚಿನ ಲೆಕ್ಕ ತಮಗೆ ಅನ್ವಯಿಸುವುದಿಲ್ಲ. ಸಕ್ಕರೆ ಕಾಯಿಲೆ, ರಕ್ತದ ಒತ್ತಡ ಬಹುಕಾಲ ಇದ್ದವರ ಮೂತ್ರಪಿಂಡ ತಿಳಿಯದಂತೆ ಕೆಡುತ್ತದೆ. ಅಂಥವರು ರಕ್ತ, ಮೂತ್ರ ಪರೀಕ್ಷೆ ಮಾಡಿಸಿ ಡಾಕ್ಟರರನ್ನು ಕೇಳಿಯೇ ಅಳತೆ ನಿಶ್ಚಯಿಸಬೇಕು.

ಡಬ್ಬಿಯ ಪುಡಿ ಕೊಳ್ಳುವ ಹುಡುಗರಿಗೆ: ಜಾಹೀರಾತು ನೋಡಿ ಸಂಬಳದ ದೊಡ್ಡ ಪಾಲನ್ನು ಅದಕ್ಕೆ ಸುರಿಯಬೇಡಿ. ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ಮೈ ಬೆಳೆಸಲು ಇಂಥ ಪುಡಿಗಳನ್ನು ಬಳಸಬಾರದೆಂದೇ ಹೇಳಿದೆ. ಅದೇ ಮಾರ್ಗಸೂಚಿ ದಿನದ ತಟ್ಟೆಗೆ ಹೇಳುವ ಬೇಳೆಕಾಳು 85 ಗ್ರಾಂ. ಆ ದಾರಿ ಕಿರಾಣಿ ಅಂಗಡಿಗೆ ಹೋಗುತ್ತದೆ.

ಇನ್ನೊಂದು ಮಾತು. ಸಾಮಾನು ತಂದು ಸುರಿದರೆ ಸಾಲದು, ರಿಪೇರಿ ಮಾಡೆಂದು ಮೈಗೆ ಅಪ್ಪಣೆ ಕೊಡಬೇಕು. ಆ ಅಪ್ಪಣೆ ವ್ಯಾಯಾಮ. ಹನ್ನೆರಡು ತಾಸು ನಿಲ್ಲುವುದು ದಣಿವು, ಅದು ವ್ಯಾಯಾಮವಲ್ಲ. ಹಿರಿಯರು ಕುರ್ಚಿಯಿಂದ ಕೈಯೂರದೆ ಹತ್ತು ಸಲ ಎದ್ದು ಕೂಡಲಿ, ಬೆಳಿಗ್ಗೆಯೂ ಸಂಜೆಯೂ. ಇದಕ್ಕೆ ಕಾಸಿಲ್ಲ, ಜಾಗವೂ ಬೇಡ.

ಇದು ಸಂಘದ ಕೆಲಸವೇ?

ಊಟ ಅವರವರ ಇಷ್ಟ, ಸಂಘಕ್ಕೇನು ಎಂದು ಕೇಳಬಹುದು. ಮನೆಯಲ್ಲಿ ಉಣ್ಣುವವನಿಗೆ ಅದು ಇಷ್ಟ. ಧಣಿಯ ಅಡಿಗೆಮನೆಯಲ್ಲಿ ಉಣ್ಣುವವನಿಗೆ ಅದು ಸಿಕ್ಕಿದ್ದು. ನಾನು ಕೆಲಸ ಮಾಡಿದ ಒಂದು ಹೋಟೆಲಿನಲ್ಲಿ ಕೆಲಸದವರ ಸಾಂಬಾರೆಂದು ಬೇರೆಯೇ ಇತ್ತು. ಗಿರಾಕಿಗಳ ಸಾಂಬಾರು ಮುಗಿಯುತ್ತ ಬಂದಾಗ ಅದಕ್ಕೆ ಬಿಸಿನೀರು ಹೊಯ್ದು, ಉಪ್ಪು-ಖಾರ ಹಾಕಿ ಕುದಿಸುತ್ತಿದ್ದರು. ಮಧ್ಯಾಹ್ನ ನಾಲ್ಕಕ್ಕೆ ಆರಿದ ಅನ್ನದ ಮೇಲೆ ಅದು ಬೀಳುತ್ತಿತ್ತು. ಅನ್ನಕ್ಕೆ ಮಿತಿಯಿರಲಿಲ್ಲ, ಎಷ್ಟು ಬೇಕಾದರೂ ಉಣ್ಣಬಹುದಿತ್ತು. ಹೊಟ್ಟೆ ತುಂಬುತ್ತಿತ್ತು, ಬೇಳೆಯ ಒಂದು ಕಾಳು ಕೈಗೆ ಸಿಗುತ್ತಿರಲಿಲ್ಲ. ಇಂಥ ಅಡಿಗೆಮನೆಗಳು ಇನ್ನೂ ಇವೆಯೆಂದು ಇಲ್ಲಿ ಕುಳಿತ ಹಲವರು ಬಲ್ಲರು. ಕೆಲಸದವರಿಗೂ ತಮಗೂ ಒಂದೇ ಪಾತ್ರೆಯಿಂದ ಬಡಿಸುವ ಧಣಿಗಳೂ ಇದ್ದಾರೆ. ಅವರ ಹೆಸರು ಬೆಳೆಯಲಿ.

ಊಟ ಕೊಡುತ್ತೇವೆಂದು ಹೇಳಿ ಸಂಬಳ ಇಳಿಸುವಾಗ ಆ ಊಟವೂ ಸಂಬಳದ ಭಾಗವೇ ಆಯಿತು. ಸಂಬಳದಲ್ಲಿ ಹರಿದ ನೋಟು ಬಂದರೆ ಗಲ್ಲೆಗೆ ಹಿಂದಿರುಗಿಸುತ್ತೇವೆ. ನೀರಾದ ಸಾಂಬಾರು ಹರಿದ ನೋಟಲ್ಲವೆ? ಇಪ್ಪತ್ತು ಜನ ಕೆಲಸದವರಿರುವ ಹೋಟೆಲಿನಲ್ಲಿ ತಲೆಗೆ 40 ಗ್ರಾಂ ಬೇಳೆ ಹೆಚ್ಚು ಹಾಕಿದರೆ ದಿನಕ್ಕೆ 800 ಗ್ರಾಂ, ಒಂದು ಕಿಲೋ ಕೂಡ ಆಗುವುದಿಲ್ಲ. ಇಷ್ಟರಿಂದ ಯಾವ ಹೋಟೆಲೂ ಮುಳುಗದು.

ಆದುದರಿಂದ ಈ ಸಭೆಯ ಮುಂದೆ ನಾಲ್ಕು ಸೂಚನೆಗಳನ್ನು ಇಡುತ್ತೇನೆ.

ಒಂದು: ಧಣಿಗಳೊಡನೆ ಮುಂದಿನ ಮಾತುಕತೆಯಲ್ಲಿ ಸಂಬಳದ ಜೊತೆಗೆ ಊಟದ ಅಳತೆಯನ್ನೂ ಬರೆಸಬೇಕು. ತಲೆಗೆ ದಿನಕ್ಕೆ 80 ಗ್ರಾಂ ಬೇಳೆಕಾಳು, ಒಂದು ಲೋಟ ಮೊಸರು ಅಥವಾ ಒಂದು ಮೊಟ್ಟೆ.

ಎರಡು: ಊಟದ ಹೊತ್ತು ಗೊತ್ತಾಗಿರಬೇಕು. ಗಿರಾಕಿಗಳು ಉಂಡು ಉಳಿದದ್ದಲ್ಲ, ಕೆಲಸದವರಿಗೆಂದು ತೆಗೆದಿಟ್ಟದ್ದು ಸಿಗಬೇಕು.

ಮೂರು: 2013ರ ಆಹಾರ ಭದ್ರತಾ ಕಾನೂನು ಆದ್ಯತಾ ಕುಟುಂಬದಲ್ಲಿ ತಲೆಗೆ ತಿಂಗಳಿಗೆ 5 ಕಿಲೋ ಧಾನ್ಯದ ಹಕ್ಕು ಕೊಟ್ಟಿದೆ, ಬೇಳೆಯ ಹಕ್ಕನ್ನು ಕೊಟ್ಟಿಲ್ಲ. ಅದು ಸೇರಬೇಕೆಂದು ಬೇರೆ ಸಂಘಗಳೊಡನೆ ಕೂಡಿ ಸರಕಾರವನ್ನು ಕೇಳಬೇಕು.

ನಾಲ್ಕು: ಒಬ್ಬಂಟಿಯಾಗಿ ಕೋಣೆಗಳಲ್ಲಿರುವ ಹಿರಿಯ ಸದಸ್ಯರ ಪಟ್ಟಿ ಮಾಡಿ, ವಾರಕ್ಕೊಮ್ಮೆ ಯಾರಾದರೂ ಹೋಗಿ ನೋಡಬೇಕು. "ಆರಾಮವೇ?" ಎಂದು ಕೇಳಿ ಹಿಂದಿರುಗಿದರೆ ಸಾಲದು. ಪಾತ್ರೆಯ ಮುಚ್ಚಳ ತೆಗೆದು ಅದರಲ್ಲಿ ಬೇಳೆಯಿದೆಯೇ ಎಂದು ನೋಡಬೇಕು.

ಪ್ರಾವಿಡೆಂಟ್ ಫಂಡಿನ ಹಣ ದುಡಿಯುವ ಕಾಲದಲ್ಲಿ ತಿಂಗಳು ತಿಂಗಳು ಸೇರಿದರೆ ಮಾತ್ರ ಕೊನೆಗೆ ಕೈಗೆ ಬರುತ್ತದೆ. ಮೈಯ ಬಲವೂ ಹಾಗೆಯೇ, ದಿನ ದಿನ ಸೇರಬೇಕು. ನಮ್ಮಲ್ಲಿ ಎಷ್ಟೋ ಮಂದಿಗೆ ಆ ಹಣದ ಫಂಡು ಇಲ್ಲ. ಈ ಎರಡನೆಯದನ್ನಾದರೂ ಕಳೆದುಕೊಳ್ಳದಿರೋಣ. ಸೂಚನೆಗಳನ್ನು ಚರ್ಚಿಸಿ, ಸರಿಕಂಡರೆ ಕೈಯೆತ್ತಿ ಒಪ್ಪಿಗೆ ಕೊಡಬೇಕೆಂದು ಪ್ರಾರ್ಥಿಸಿ ನನ್ನ ಮಾತು ಮುಗಿಸುತ್ತೇನೆ.